ಮಗುಚಿಟ್ಟ ಅರ್ಧ ಬ್ರೆಡ್ಡು

ಲೂಬಿಯೆ, ಕ್ರೂಜ್ ಜಿಲ್ಲೆ
ಮೇ ೧೪, ೨೦೧೮

ಮಾನ್ಯ ಕುಮಾರಿ ಅಪೋಲೀನ್ ವೆರ್ದಿಯೆ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಮ್ಮ ಊರಿನ ಪರಿಚಯ ಇದೆ ಎಂದು ಕೇಳಿದೆ. ಪ್ರಕಾಶಕರ ವಿಳಾಸಕ್ಕೆ ಬರೆಯುತ್ತಿದ್ದೇನೆ, ನಿಮಗೆ ತಲುಪಿಸುತ್ತಾರೆಂಬ ನಂಬಿಕೆಯಿಂದ.

ಹೋದ ತಿಂಗಳಿಂದ ನಮ್ಮ ರಸ್ತೆಯಲ್ಲಿ ಸೈಕಲ್ಲಿನವರು ಬರತೊಡಗಿದ್ದಾರೆ. ಚಳಿಗಾಲದಲ್ಲಿ ಹೊಗೆ ಏಳುವುದು ಇಲ್ಲಿ ಎರಡೇ ಮನೆಗಳಿಂದ. ಉಳಿದವು ಆಗಸ್ಟಿನಲ್ಲಿ ಬಾಗಿಲು ತೆರೆದು ಮತ್ತೆ ಮುಚ್ಚಿಕೊಳ್ಳುತ್ತವೆ. ರಸ್ತೆಯ ನಡುವೆ ಪಾಚಿ ಕಟ್ಟಿದೆ. ಅದನ್ನು ಕೆರೆಸಿ ಎಂದು ನಾನು ಪಂಚಾಯಿತಿ ಕಚೇರಿಗೆ ಎಷ್ಟೋ ಸಲ ಬರೆದಿದ್ದೇನೆ. ಅದೇ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು ನಾನು, ಆದರೂ ಕೇಳುವವರಿಲ್ಲ. ಈಗ ನೋಡಿದರೆ ಈ ಪಾಚಿಯನ್ನು ನೋಡಲೆಂದೇ ಜನ ಬರುತ್ತಿದ್ದಾರೆ.

ಮೊನ್ನೆ ಗಂಡ ಹೆಂಡತಿ ಇಬ್ಬರು ನನ್ನನ್ನು ಕಂಡು ಸೈಕಲ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ತುಂಬಾ ಉಪಕಾರ ಆಯ್ತು ಮದಾಂ" ಎಂದರು. ನಾನು ಯಾವ ಉಪಕಾರವನ್ನೂ ಮಾಡಿರಲಿಲ್ಲ. ನೀವು ಬರೆದ 'ಬಿಳಿ ರಸ್ತೆಗಳು' ಎಂಬ ಕಿರುಪುಸ್ತಕದಲ್ಲಿ ನಮ್ಮ ಊರು ದೊಡ್ಡ ಮನಸ್ಸಿನದು ಎಂದು ಇದೆಯಂತೆ. ತೋರಿಸಿ ಎನ್ನುವಷ್ಟರಲ್ಲಿ ಇಳಿಜಾರಿನಲ್ಲಿ ಹೊರಟೇ ಹೋದರು. ಪೇಟೆಯ ಅಂಗಡಿಯಲ್ಲಿ ಪುಸ್ತಕ ಮುಗಿದಿದೆಯಂತೆ. ದಯವಿಟ್ಟು ನನಗೊಂದು ಪ್ರತಿ ಕಳಿಸಿ, ಹಣ ಕಳಿಸುತ್ತೇನೆ.

ಆದರೆ ಒಂದು ಮಾತು. ಮುಂದೆ ಇನ್ನೊಮ್ಮೆ ಅಚ್ಚು ಹಾಕುವುದಾದರೆ ಆ 'ದೊಡ್ಡ ಮನಸ್ಸು' ಎಂಬುದನ್ನು ತೆಗೆದುಬಿಡಿ. ಇಲ್ಲಿ ನೆರೆಯವನೇ ನೆರೆಯವಳ ಬ್ರೆಡ್ಡು ಕದಿಯುತ್ತಾನೆ.

ಮಂಗಳವಾರ, ಗುರುವಾರ, ಶನಿವಾರ ಕೊರೀನ್ ಬ್ರೆಡ್ಡಿನ ವ್ಯಾನು ತರುತ್ತಾಳೆ. ನನ್ನ ಮನೆ ದಿಬ್ಬದ ಮೇಲಿದೆ. ಆ ಹೊತ್ತಿಗೆ ನಾನು ಮೇಕೆಗಳ ಬಳಿ ಇರುತ್ತೇನೆ. ಅದಕ್ಕೇ ಹಳೆಯ ಪರದೆ ಬಟ್ಟೆಯಲ್ಲಿ ಚೀಲ ಹೊಲಿದು ಕೆಳಗಿನ ಗೇಟಿಗೆ ನೇತುಹಾಕಿದ್ದೇನೆ. ಕೊರೀನ್ ಅದರಲ್ಲಿ ಒಂದು ಉದ್ದನೆಯ ಬ್ರೆಡ್ಡು ಇಟ್ಟು ಹೋಗುತ್ತಾಳೆ. ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಚೀಲ ಖಾಲಿಯಿತ್ತು. ನರಿ ಎಂದುಕೊಂಡೆ. ಈ ಏಪ್ರಿಲಿನಿಂದ ಬ್ರೆಡ್ಡು ಮತ್ತೆ ಮತ್ತೆ ಹೋಗತೊಡಗಿತು. ಹೋದದ್ದಷ್ಟೇ ಅಲ್ಲ. ಅದರ ಜಾಗದಲ್ಲಿ ಅರ್ಧ ಕಪ್ಪು ಬ್ರೆಡ್ಡು ಇರುತ್ತಿತ್ತು, ರೈ ಹಿಟ್ಟಿನ ಗುಂಡು ಬ್ರೆಡ್ಡಿನ ಅರ್ಧ. ಅದೂ ಮಗುಚಿ ಇಟ್ಟದ್ದು, ತಳ ಮೇಲಾಗಿ. ಮಗುಚಿಟ್ಟ ಬ್ರೆಡ್ಡು ಎಂದರೇನೆಂದು ಈಗಿನವರಿಗೆ ಗೊತ್ತಿದೆಯೋ ಇಲ್ಲವೋ. ಹಿಂದೆ ಬೇಕರಿಯವರು ಮರಣದಂಡನೆಯವರ ತಲೆ ಕಡಿಯುವವನ ಪಾಲಿನ ಬ್ರೆಡ್ಡನ್ನು ಹಾಗೆ ಮಗುಚಿ ಬೇರೆ ಇಡುತ್ತಿದ್ದರು, ಬೇರೆ ಯಾರೂ ಮುಟ್ಟದಿರಲಿ ಎಂದು. ನಮ್ಮ ಕಡೆ ಮೇಜಿನ ಮೇಲೆ ಬ್ರೆಡ್ಡು ಮಗುಚಿ ಬಿದ್ದಿದ್ದರೆ ಅಪಶಕುನವೆಂದು ಮಕ್ಕಳೂ ಎದ್ದು ಸರಿಮಾಡುತ್ತಾರೆ.

ಕಪ್ಪು ಬ್ರೆಡ್ಡು ಕೊಳ್ಳುವವನು ಇಲ್ಲಿ ಒಬ್ಬನೇ, ಎದುರು ಮನೆಯ ಆನ್ಸೆಲ್ಮ್. ನನ್ನ ಬೆಳ್ಳನೆಯ ಬ್ರೆಡ್ಡು ತಿಂದು, ತನ್ನ ಉಳಿದ ಅರ್ಧವನ್ನು ನಾಯಿಗೆ ಹಾಕುವಂತೆ ನನಗೆ ಹಾಕುತ್ತಿದ್ದಾನೆ. ಮೊನ್ನೆ ಶನಿವಾರ ಮೇಕೆಗಳ ಕೆಲಸ ಬೇಗ ಮುಗಿಸಿ ಇಳಿದು ಬಂದು ಬೇಲಿಯ ಮರೆಯಲ್ಲಿ ಕಾದೆ. ಅವನ ಕೈ ನನ್ನ ಚೀಲದೊಳಗಿತ್ತು. ಈ ಕಣ್ಣಿಂದ ನೋಡಿದೆ. ಮುಂದಿನ ಊರಿಗೆ ಬ್ರೆಡ್ಡು ಕೊಟ್ಟು ಕೊರೀನ್ ಆಗ ವ್ಯಾನಿನಲ್ಲಿ ವಾಪಸು ಬರುತ್ತಿದ್ದಳು, ಅವಳ ಎದುರಿಗೇ "ಕಳ್ಳ" ಎಂದೆ. ಅವನು ಕೈ ಹೊರಗೆ ತೆಗೆದು, ಟೋಪಿ ಸರಿಮಾಡಿಕೊಂಡು, "ಸರಿ ಮದಾಂ" ಎಂದ. ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು ನಾವು. ಹುಟ್ಟಿದಾಗಿನಿಂದ ನೀನು ಎಂದೇ ಮಾತು. ಅವತ್ತು ಮೊದಲ ಸಲ ನನ್ನನ್ನು ಮದಾಂ ಎಂದ.

ಉದ್ದ ಬರೆದೆ. ಪುಸ್ತಕ ಕಳಿಸುವುದನ್ನು ಮರೆಯಬೇಡಿ.

ಇತಿ,
ಬೆರ್ತಿಲ್ ಪಾರಿನೋ

*

ಲಿಯೋಂ
ಮೇ ೩೧

ಮಾನ್ಯ ಮದಾಂ ಪಾರಿನೋ ಅವರಿಗೆ,

ನಿಮ್ಮ ಪತ್ರ ತಲುಪಿ ಕೆಲವು ದಿನಗಳಾದವು. ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ.

ನನ್ನ ಪುಸ್ತಕ ದೊಡ್ಡದೇನಲ್ಲ. ಸಾಹಿತ್ಯ ಓದಿ ಮುಗಿಸಿದ ಮೇಲೆ ಕೆಲಸ ಸಿಗದೆ ಇದ್ದಾಗ ಒಬ್ಬ ಪ್ರಕಾಶಕರು ಈ ಕೆಲಸ ಕೊಟ್ಟರು. ರಸ್ತೆಯ ನಕಾಶೆಯಲ್ಲಿ ಹೆದ್ದಾರಿಗೆ ಕೆಂಪು, ನಡುವಿನದಕ್ಕೆ ಹಳದಿ, ಯಾರಿಗೂ ಬೇಡದ್ದಕ್ಕೆ ಬಿಳಿ. ಆ ಬಿಳಿ ಗೆರೆಗಳನ್ನಷ್ಟೇ ಹಿಡಿದು ಹೋಗುವ ದಾರಿಗಳನ್ನು ಹುಡುಕಿ ಬರೆಯುವುದು. ನನಗೆ ಜನರ ಜೊತೆ ಮಾತಾಡುವುದು ಕಷ್ಟ, ಹಾಗಾಗಿ ಈ ಕೆಲಸ ಹಿಡಿಸಿತು. ನಿಮ್ಮ ರಸ್ತೆ ನನಗೆ ಚೆನ್ನಾಗಿ ನೆನಪಿದೆ. ನಾನು ಬಂದಾಗ ಚೆಸ್ಟ್‌ನಟ್ ಕಾಯಿಗಳು ರಸ್ತೆಯ ತುಂಬ ಬಿದ್ದು ಟೈರಿನಡಿ ಸಿಡಿಯುತ್ತಿದ್ದವು. ಕಲ್ಲಿನ ಶಿಲುಬೆಯಿರುವ ಕೂಡುದಾರಿಯಿಂದ ನಿಮ್ಮ ಊರಿನವರೆಗೆ ಒಂದು ವಾಹನವೂ ಎದುರಾಗಲಿಲ್ಲ. ಕೆಂಪು ಹಸುಗಳು ಬೇಲಿಯ ಉದ್ದಕ್ಕೂ ನನ್ನ ಜೊತೆ ನಡೆದು ಬಂದವು. ಸ್ಮಶಾನದ ನಲ್ಲಿಯಲ್ಲಿ ನೀರು ತುಂಬಿಕೊಂಡೆ.

ಪುಸ್ತಕದ ಪ್ರತಿಗಳು ಸದ್ಯಕ್ಕೆ ನನ್ನ ಬಳಿಯೂ ಇಲ್ಲ.

ನಿಮ್ಮ ನೆರೆಯವರ ವಿಷಯ ಓದಿ ಬೇಸರವಾಯಿತು. ನಾನು ಹೇಳಬಾರದು, ಆದರೂ, ಅವರೇ ಎಂದು ನಿಮಗೆ ಖಚಿತವೇ? ಅಕ್ಟೋಬರಿನದು ನರಿಯೇ ಇರಬಹುದು. ಈಗಿನದೂ ನರಿಯೋ, ಬೀದಿನಾಯಿಯೋ ಇರಬಹುದಲ್ಲವೇ? ಚೀಲವನ್ನು ಸ್ವಲ್ಪ ಎತ್ತರದಲ್ಲಿ, ಒಳಬದಿಗೆ ನೇತುಹಾಕಿದರೆ ಹೇಗೆ?

ಗೌರವಪೂರ್ವಕವಾಗಿ,
ಅಪೋಲೀನ್ ವೆರ್ದಿಯೆ

*

ಲೂಬಿಯೆ
ಜೂನ್ ೬

ಪ್ರಿಯ ಅಪೋಲೀನ್ ಅವರೇ,

ನರಿಯ ಮಾತು ಓದಿ ನಕ್ಕೆ. ಉದ್ದನೆಯ ಬ್ರೆಡ್ಡು ತಿಂದು ಬದಲಿಗೆ ಅರ್ಧ ಕಪ್ಪು ಬ್ರೆಡ್ಡು ಇಟ್ಟುಹೋಗುವ ನರಿ ಇದ್ದರೆ ಹೇಳಿ, ಮೇಕೆ ಮಾರಿ ಅದನ್ನೇ ಸಾಕುತ್ತೇನೆ. ಕೊರೀನಳಿಗೂ ಹೇಳಿದೆ. ಅವಳು, "ಆ ಸೈಕಲ್ಲಿನೋರು ಇರಬಹುದಲ್ವಾ?" ಎಂದಳು. ನನ್ನ ಅಡುಗೆಮನೆಯ ಸಾಮಾನೆಲ್ಲ ಮಾರಿದರೂ ಬಾರದಷ್ಟು ಬೆಲೆಯ ಸೈಕಲ್ಲುಗಳು ಅವು. ಅಂಥವರು ಒಂದು ಬ್ರೆಡ್ಡಿಗೆ ಕೈ ಹಾಕುತ್ತಾರೆಯೇ? ಅವರ ಜೇಬಿನಲ್ಲಿ ಬೇಕಾದಷ್ಟು ತಿಂಡಿ ಇರುತ್ತದೆ, ಬೆನ್ನ ಹಿಂದೆ ಉಬ್ಬಿಕೊಂಡಿರುತ್ತದೆ, ನೋಡಿದ್ದೇನೆ.

ಚೆಸ್ಟ್‌ನಟ್ ಬೀಳುವ ಕಾಲದಲ್ಲಿ ಬಂದಿದ್ದಿರಿ, ಬಾಗಿಲು ತಟ್ಟಬಾರದಿತ್ತೇ? ಅಕ್ಟೋಬರಿನಲ್ಲಿ ನನ್ನ ಒಲೆಯ ಮೇಲೆ ಯಾವಾಗಲೂ ಸೂಪು ಇರುತ್ತದೆ. ಸ್ಮಶಾನದ ನೀರು ಕುಡಿದು ಹೋದಿರಿ ಎಂದು ಓದಿ ನನಗೇ ನಾಚಿಕೆಯಾಯಿತು.

ಆನ್ಸೆಲ್ಮ್ ಈಗ ಕೊರೀನಳ ವ್ಯಾನಿಗೆ ಹೊರಗೆ ಬರುವುದನ್ನೇ ಬಿಟ್ಟಿದ್ದಾನೆ. ಹಳೆಯ ಮೊಪೆಡ್ಡಿನಲ್ಲಿ ಪೇಟೆಗೆ ಹೋಗಿ ಬ್ರೆಡ್ಡು ತರುತ್ತಾನೆ, ಮಳೆ ಬಂದರೂ. ತಪ್ಪಿಲ್ಲದವನು ಹೀಗೆ ಮುಖ ಮರೆಸಿಕೊಳ್ಳುತ್ತಾನೆಯೇ?

ವಿಷಯ ಊರೂರಿಗೆ ಹಬ್ಬಿದೆ. ನಾನು ಹಬ್ಬಿಸಲಿಲ್ಲ. ಕೊರೀನಳ ವ್ಯಾನಿಗೆ ಚಕ್ರ ನಾಲ್ಕು, ನಾಲಿಗೆ ಒಂದು. ಜುಲೈ ಹದಿನಾಲ್ಕರ ರಾಷ್ಟ್ರೀಯ ಹಬ್ಬಕ್ಕೆ ನಮ್ಮ ಸುತ್ತಿನ ಊರಿನವರೆಲ್ಲ ಪಂಚಾಯಿತಿ ಕಚೇರಿಯ ಮುಂದೆ ಉದ್ದಕ್ಕೆ ಮೇಜು ಹಾಕಿ ಒಟ್ಟಿಗೆ ಊಟ ಮಾಡುತ್ತೇವೆ. ಅವತ್ತು ಬ್ರೆಡ್ಡು ಕತ್ತರಿಸುವವನು ಆನ್ಸೆಲ್ಮ್. ಅವನ ಅಪ್ಪನೂ ಅವನೇ. ಅಂದರೆ ಅಪ್ಪನ ಕಾಲದಲ್ಲಿ ಅಪ್ಪ, ಈಗ ಇವನು, ಅದೇ ಮಡಿಸುವ ಚಾಕು. ದೊಡ್ಡ ಗುಂಡು ಬ್ರೆಡ್ಡನ್ನು ಎದೆಗಾನಿಸಿ, ಮಗುಚಿ, ತಳದ ಮೇಲೆ ಚಾಕುವಿನ ಮೊನೆಯಿಂದ ಶಿಲುಬೆ ಗೀರಿ, ಆಮೇಲೆ ಕತ್ತರಿಸುತ್ತಾನೆ. ಹಾಗೆ ಮಾಡುವವರು ಈಗ ಯಾರೂ ಉಳಿದಿಲ್ಲ. ಇನ್ನೊಬ್ಬರ ಬ್ರೆಡ್ಡು ಕದ್ದ ಕೈಯಿಂದ ಈ ವರ್ಷ ನಮಗೆ ಬ್ರೆಡ್ಡು ಬೇಡ ಎಂದು ಕೆಲವರು ಹೇಳುತ್ತಿದ್ದಾರೆ. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಹಳೆಯ ಪ್ರತಿಯಾದರೂ ಸರಿ, ಹರಿದದ್ದಾದರೂ ಸರಿ, ಕಳಿಸಿ. ನಮ್ಮ ಬಗ್ಗೆ ಯಾರೋ ಒಳ್ಳೆಯದು ಬರೆದದ್ದನ್ನು ಓದುವ ಆಸೆ.

ನಿಮ್ಮ,
ಬೆರ್ತಿಲ್ ಪಾರಿನೋ

*

ಲಿಯೋಂ
ಜೂನ್ ೨೫

ಪ್ರಿಯ ಮದಾಂ ಪಾರಿನೋ,

ಇದರ ಜೊತೆ ಪುಸ್ತಕ ಕಳಿಸಿದ್ದೇನೆ. ಹಣ ಕಳಿಸಬೇಡಿ. ಹೊಲಿಗೆಯಲ್ಲಿ ಅಚ್ಚುಕೂಟದವರ ಕಡೆಯಿಂದ ಏನೋ ದೋಷವಾಗಿದೆ, ಒಂದು ಹಾಳೆ ಬಿಟ್ಟುಹೋಗಿದೆ. ಉಳಿದದ್ದೆಲ್ಲ ಸರಿಯಿದೆ.

ಮೊಸ್ಯೊ ಆನ್ಸೆಲ್ಮ್ ಅವರ ಜೊತೆ ಒಮ್ಮೆ ಕೂತು ಮಾತಾಡಿ ಎಂದು ನನ್ನ ಕೋರಿಕೆ. ಹದಿನಾಲ್ಕನೇ ತಾರೀಕಿಗೆ ಮೊದಲು.

ಅಪೋಲೀನ್

*

ಲೂಬಿಯೆ
ಜುಲೈ ೧

ಅಪೋಲೀನ್ ಅವರೇ,

ಪುಸ್ತಕ ಬಂತು. ಚಿತ್ರಗಳು ಚೆನ್ನಾಗಿವೆ. ಕೂಡುದಾರಿಯ ಕಲ್ಲಿನ ಶಿಲುಬೆಯ ಬಗ್ಗೆ ಬರೆದದ್ದು ಇನ್ನೂ ಚೆನ್ನಾಗಿದೆ. ಅದರ ಒಂದು ತೋಳು ಮುರಿದಿರುವುದನ್ನು ನಾನೇ ಗಮನಿಸಿರಲಿಲ್ಲ, ಪುಸ್ತಕ ಹಿಡಿದು ಹೋಗಿ ನೋಡಿ ಬಂದೆ.

ಆದರೆ ಪುಟ ಮೂವತ್ತೆಂಟು ಶಿಲುಬೆಯ ಬಳಿ ಮುಗಿಯುತ್ತದೆ. ನಲವತ್ತೊಂದು ನಮ್ಮ ಊರು ದಾಟಿದ ಮೇಲೆ ಶುರುವಾಗುತ್ತದೆ. ಲೂಬಿಯೆ ಎಲ್ಲಿ ಹೋಯಿತು? ನಾನು ಜೀವನವಿಡೀ ಕಾಗದ ಕತ್ತರಿಸಿ, ಹೊಲಿದು, ಮುದ್ರೆ ಒತ್ತಿದವಳು. ಹೊಲಿಗೆಯ ದೋಷ ಯಾವುದು, ಕತ್ತರಿಯ ಅಂಚು ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಎರಡು ರಾತ್ರಿ ಯೋಚಿಸಿ ಈಗ ಅರ್ಥವಾಯಿತು ಎಂದುಕೊಂಡಿದ್ದೇನೆ. ಆ ಗಂಡ ಹೆಂಡತಿ ನನ್ನನ್ನು ಖುಷಿಪಡಿಸಲು ಸುಳ್ಳು ಹೇಳಿದರು. ನೀವು ನಮ್ಮ ಬಗ್ಗೆ ಒಳ್ಳೆಯದೇನೂ ಬರೆದಿಲ್ಲ. ಮುಚ್ಚಿದ ಕಿಟಕಿಗಳು, ಬಿದ್ದ ಕೊಟ್ಟಿಗೆ, ಗೇಟಿನ ಬಳಿ ನನ್ನ ಮೇಕೆಗಳ ಹಿಕ್ಕೆ, ಇದನ್ನೆಲ್ಲ ಬರೆದಿರಬೇಕು. ನನ್ನ ಪತ್ರ ನೋಡಿ ಪಾಪ, ನಿಮಗೆ ಸಂಕೋಚವಾಗಿರಬೇಕು. ನಾಚಿಕೆಪಡಬೇಡಿ. ಇದ್ದದ್ದನ್ನು ಬರೆದರೆ ನನಗೆ ಕೋಪ ಬರುವುದಿಲ್ಲ. ಆ ಹಾಳೆ ಕಳಿಸಿ.

ಆನ್ಸೆಲ್ಮ್ ಜೊತೆ ಕೂತು ಮಾತಾಡಿ ಎಂದಿರಿ. ಅವನ ಬಾಗಿಲಿಗೆ ನಾನೇಕೆ ಹೋಗಲಿ? ಬರಬೇಕಾದವನು ಅವನು. ಉಪಮೇಯರ್ ಮೊನ್ನೆ ಅವನಿಗೆ ಹೇಳಿದರಂತೆ, ಈ ಸಲ ಬೇಕರಿಯಿಂದಲೇ ಯಂತ್ರದಲ್ಲಿ ಕತ್ತರಿಸಿದ ಬ್ರೆಡ್ಡು ಬರುತ್ತದೆ, ನೀವು ಆರಾಮವಾಗಿ ಊಟ ಮಾಡಿ ಎಂದು. ಅವನು "ಯಂತ್ರ ಚೆನ್ನಾಗಿ ಕತ್ತರಿಸುತ್ತೆ" ಎಂದನಂತೆ. ಅಷ್ಟೇ.

ಬೆರ್ತಿಲ್ ಪಾರಿನೋ

*

ಲಿಯೋಂ
ಜುಲೈ ೮

ಮದಾಂ ಪಾರಿನೋ,

ಹಾಳೆ ಇದರೊಳಗಿದೆ. ಪತ್ರ ಓದುವ ಮೊದಲು ಅದನ್ನು ಓದಿ. ಅದರಲ್ಲಿರುವುದು ಹೀಗೆ: 'ಲೂಬಿಯೆಯಲ್ಲಿ ಯಾರೂ ಕಾಣಿಸುವುದಿಲ್ಲ. ಆದರೆ ಎಡಗಡೆಯ ನೀಲಿ ಗೇಟಿನಲ್ಲಿ ದಾರಿಹೋಕರಿಗೆಂದು ಚೀಲದಲ್ಲಿ ಬ್ರೆಡ್ಡು ನೇತುಹಾಕಿರುತ್ತಾರೆ. ಹಸಿದಿದ್ದರೆ ತೆಗೆದುಕೊಳ್ಳಿ. ಮನೆಯ ಕಡೆ ತಿರುಗಿ ಒಂದು ನಮಸ್ಕಾರ ಹೇಳಿ. ಈ ದೊಡ್ಡ ಮನಸ್ಸಿಗೆ ಅಷ್ಟು ಸಾಕು.'

ಆ ಅಕ್ಟೋಬರಿನ ನರಿ ನಾನು.

ಅವತ್ತು ಹಿಂದಿನ ಊರಿನಲ್ಲಿ ಕಾಫಿ ಅಂಗಡಿ ಮುಚ್ಚಿತ್ತು. ಜೇಬಿನಲ್ಲಿದ್ದದ್ದು ಮುಗಿದಿತ್ತು. ಶಿಲುಬೆಯಿಂದ ಮುಂದಿನ ಏರಿನಲ್ಲಿ ಕಾಲಿನ ಬಲವೆಲ್ಲ ಒಮ್ಮೆಲೇ ಇಳಿದುಹೋಯಿತು, ಕಣ್ಣಿಗೆ ಕತ್ತಲೆ ಬಂತು. ಸೈಕಲ್ಲಿನವರಿಗೆ ಹೀಗಾಗುವುದುಂಟು. ನಿಮ್ಮ ಗೇಟಿನ ಬಳಿ ಇಳಿದೆ. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ದಿಬ್ಬದ ಮೇಲೆ ಹೊಗೆ ಕಾಣುತ್ತಿತ್ತು, ಮನೆಯಲ್ಲಿ ಯಾರೋ ಇದ್ದಾರೆ ಎಂದು ಗೊತ್ತಿತ್ತು. ಹತ್ತಿ ಬಂದು ಬಾಗಿಲು ತಟ್ಟಿ ಕೇಳಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಕೇಳುವುದಕ್ಕಿಂತ ಕದಿಯುವುದು ಸುಲಭವಾಯಿತು. ಊರು ದಾಟಿ ಮರದ ಕೆಳಗೆ ನಿಂತು ಅಷ್ಟನ್ನೂ ತಿಂದೆ.

ಮನೆಗೆ ಬಂದು ಬರೆಯಲು ಕೂತಾಗ ಕದ್ದೆ ಎಂದು ಬರೆಯಲು ಆಗಲಿಲ್ಲ, ಆ ಬ್ರೆಡ್ಡನ್ನು ಬಿಟ್ಟು ಬರೆಯಲೂ ಆಗಲಿಲ್ಲ. ಕೊಟ್ಟರು ಎಂದು ಬರೆದೆ. ಬರೆದ ಮೇಲೆ ಅದನ್ನೇ ನಂಬಿ ಹಗುರಾದೆ. ಪುಸ್ತಕ ಹಿಡಿದು ಬಂದವರೆಲ್ಲ ನನ್ನ ಮಾತು ನಂಬಿ ನಿಮ್ಮ ಬ್ರೆಡ್ಡು ತೆಗೆದುಕೊಂಡಿದ್ದಾರೆ. ಆ ಗಂಡ ಹೆಂಡತಿ ನಿಮಗೆ ಉಪಕಾರ ಆಯ್ತು ಎಂದದ್ದು ಅದಕ್ಕೇ.

ನಿಮ್ಮ ಮೊದಲ ಪತ್ರದಲ್ಲೇ ಇದೆಲ್ಲ ಗೊತ್ತಾಗಿತ್ತು. ಒಬ್ಬರನ್ನು ಕಳ್ಳ ಎನ್ನುತ್ತಿದ್ದಾರೆ ಎಂದು ಗೊತ್ತಿದ್ದೂ ನಾನು ನರಿಯ ಕತೆ ಬರೆದೆ. ಆಮೇಲೆ ಕತ್ತರಿ ತೆಗೆದುಕೊಂಡೆ.

ಇನ್ನೊಂದಿದೆ. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳದೆ ವಿಧಿಯಿಲ್ಲ. ಉದ್ದನೆಯ ಬ್ರೆಡ್ಡು ಒಯ್ದವರು ಕಪ್ಪು ಬ್ರೆಡ್ಡು ಇಟ್ಟು ಹೋಗಲಾರರು. ಅದನ್ನು ತಂದಿಟ್ಟವರು ಮೊಸ್ಯೊ ಆನ್ಸೆಲ್ಮ್. ಅವರ ಕೈ ನಿಮ್ಮ ಚೀಲದೊಳಗಿತ್ತು, ಆದರೆ ತೆಗೆಯುವುದಕ್ಕಲ್ಲ. ಅವರು ಕತ್ತರಿಸುವ ಮೊದಲು ಬ್ರೆಡ್ಡಿನ ತಳದ ಮೇಲೆ ಶಿಲುಬೆ ಗೀರುತ್ತಾರೆ ಎಂದು ನೀವೇ ಬರೆದಿರಿ. ಆ ಗೀರು ಕಾಣಬೇಕಾದರೆ ತಳವೇ ಮೇಲಾಗಬೇಕು. ನಿಮಗೆ ಬಂದ ಅರ್ಧದ ಮೇಲೆ ಗೀರು ಇತ್ತೇ, ನೆನಪು ಮಾಡಿಕೊಳ್ಳಿ.

ಅಪೋಲೀನ್

ಜುಲೈ ೧೨. ಈ ಪತ್ರ ನಾಲ್ಕು ದಿನ ನನ್ನ ಮೇಜಿನ ಮೇಲೇ ಇತ್ತು. ಈಗ ಅಂಚೆಪೆಟ್ಟಿಗೆಗೆ ಹೋಗುತ್ತಿದ್ದೇನೆ.

*

ಲೂಬಿಯೆ
ಜುಲೈ ೧೭

ಅಪೋಲೀನ್,

ಇನ್ನು ನೀವು ಗೀವು ಇಲ್ಲ. ನನ್ನ ಬ್ರೆಡ್ಡು ತಿಂದವಳಿಗೆ ನೀನು ಎನ್ನುವ ಹಕ್ಕು ನನಗಿದೆ.

ನಿನ್ನ ಪತ್ರ ನಿನ್ನೆ ಬಂತು. ಊಟ ಶನಿವಾರ ಮುಗಿದಿತ್ತು. ನಿನ್ನ ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತಲ್ಲ, ಅದು ಇಲ್ಲಿಗೆ ಬರುವಷ್ಟರಲ್ಲಿ ಏನಾಯಿತು ಕೇಳು.

ಆನ್ಸೆಲ್ಮ್ ಬಂದಿದ್ದ. ಬರುವುದಿಲ್ಲ ಎಂದುಕೊಂಡಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೇಜಿನ ತುದಿಯಲ್ಲಿ ಅವನ ಜಾಗದಲ್ಲಿ ಕೂತ. ಚಾಕು ತೆಗೆದು ತಟ್ಟೆಯ ಪಕ್ಕ ಇಟ್ಟುಕೊಂಡ, ಪ್ರತಿ ವರ್ಷದ ಹಾಗೆ. ಬಹುಶಃ ಕೊನೆ ಗಳಿಗೆಯಲ್ಲಿ ಯಾರಾದರೂ ಕರೆಯಬಹುದು ಎಂದು. ಬುಟ್ಟಿಗಳಲ್ಲಿ ಕತ್ತರಿಸಿದ ಬ್ರೆಡ್ಡು ಬಂತು. ಪೇಟೆಯಿಂದ ಬಂದ ಒಬ್ಬ ತಮಾಷೆಗೆ, "ಏನ್ ಆನ್ಸೆಲ್ಮ್, ಈ ಸಲ ಕೈಗೆ ರಜಾನಾ, ಇಲ್ಲ ಬೇರೆ ಕಡೆ ಕೆಲಸಾನಾ?" ಎಂದ. ಮೇಜಿನ ಅರ್ಧ ಜನ ನಕ್ಕರು. ನಾನು ನಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು, ನಾನೂ ನಕ್ಕೆ. ಅವನು ಚಾಕುವನ್ನು ಬಟ್ಟೆಯಿಂದ ಒರೆಸಿ, ಅದು ಏನನ್ನೂ ಕತ್ತರಿಸಿರಲಿಲ್ಲ, ಆದರೂ ಒರೆಸಿ, ಮಡಿಸಿ, ಜೇಬಿಗೆ ಹಾಕಿಕೊಂಡ. ಮಾಂಸ ತಿಂದ, ಚೀಸ್ ತಿಂದ. ಬ್ರೆಡ್ಡಿನ ಬುಟ್ಟಿ ಬಂದಾಗ ಪಕ್ಕಕ್ಕೆ ದಾಟಿಸಿದ.

ಗೀರು ಇತ್ತೇ ಎಂದು ನೀನು ಕೇಳಿದೆ. ಅರ್ಧಗಳನ್ನೆಲ್ಲ ಕೋಳಿಗಳಿಗೆ ಹಾಕಿದ್ದೆ. ಆದರೆ ಕೊನೆಯದನ್ನು, ಆ ಶನಿವಾರ ಅವನ ಕೈಯಲ್ಲಿ ಸಿಕ್ಕದ್ದನ್ನು, ಎತ್ತಿಟ್ಟಿದ್ದೆ. ಯಾಕೆ ಗೊತ್ತೇ? ಮೇಯರ್ ಕೇಳಿದರೆ ತೋರಿಸಲು, ಸಾಕ್ಷಿ ಎಂದು. ನಿನ್ನ ಪತ್ರ ಓದಿ ಕಪಾಟಿನಿಂದ ಇಳಿಸಿದೆ. ಕಲ್ಲಿನಂತೆ ಗಟ್ಟಿಯಾಗಿತ್ತು. ತಳದ ಮೇಲೆ ಒಂದು ಗೀರು, ಅದಕ್ಕೆ ಅಡ್ಡ ಇನ್ನೊಂದರ ಅರ್ಧ. ಉಳಿದರ್ಧ ಅವನ ಮನೆಯಲ್ಲಿ ಇದ್ದಿರಬೇಕು, ಅವನ ತಟ್ಟೆಯಲ್ಲಿ.

ಎರಡು ತಿಂಗಳಿಂದ ನನ್ನ ಕಪಾಟಿನಲ್ಲೇ ಇತ್ತು. ನನಗೂ ಕಣ್ಣಿದೆ. ನಿನ್ನದು ಒಂದು ಬ್ರೆಡ್ಡು. ನನ್ನದು ಬೇರೆ ಲೆಕ್ಕ, ಅದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ. ನೀನು ಅಳುತ್ತಾ ಉದ್ದದ ಪತ್ರ ಬರೆದರೆ ನಾನು ಓದುವುದಿಲ್ಲ. ಆ ಪುಸ್ತಕ ಸರಿಮಾಡು.

ಅವನ ಬಾಗಿಲವರೆಗೆ ನಿನ್ನೆ ಸಂಜೆ ಹೋಗಿದ್ದೆ. ತಟ್ಟಲಿಲ್ಲ. ಬಾಗಿಲು ತಟ್ಟುವುದು ಕಷ್ಟ ಎಂದು ನೀನು ಬರೆದಿದ್ದೆ, ಓದುವಾಗ ಸಿಟ್ಟು ಬಂದಿತ್ತು.

ಬೆರ್ತಿಲ್

*

ಲಿಯೋಂ
ಆಗಸ್ಟ್ ೨

ಮದಾಂ ಬೆರ್ತಿಲ್,

ಉದ್ದ ಬರೆಯುವುದಿಲ್ಲ.

ಪ್ರಕಾಶಕರಿಗೆ ನಡೆದದ್ದನ್ನು ಹೇಳಿದೆ. ಉಳಿದ ಪ್ರತಿಗಳಲ್ಲಿ ಆ ಸಾಲುಗಳ ಮೇಲೆ ಒಂದು ಚೀಟಿ ಅಂಟಿಸುತ್ತಿದ್ದೇವೆ, ನಾನೇ ಕೂತು ಅಂಟಿಸುತ್ತಿದ್ದೇನೆ. 'ಲೂಬಿಯೆಯ ನೀಲಿ ಗೇಟಿನ ಚೀಲದಲ್ಲಿರುವುದು ಆ ಮನೆಯವರ ಬ್ರೆಡ್ಡು. ಮುಟ್ಟಬೇಡಿ. ನೀರು ಸ್ಮಶಾನದ ನಲ್ಲಿಯಲ್ಲಿ ಸಿಗುತ್ತದೆ.' ಆದರೆ ಆಗಲೇ ಮಾರಿಹೋದವು ಎಲ್ಲಿವೆಯೋ, ಯಾರ ಚೀಲದಲ್ಲಿವೆಯೋ ತಿಳಿಯದು. ಅವುಗಳನ್ನು ವಾಪಸು ಕರೆಯಲು ಆಗುವುದಿಲ್ಲ.

ಮೊಸ್ಯೊ ಆನ್ಸೆಲ್ಮ್ ಅವರಿಗೂ ಪತ್ರ ಬರೆದೆ. ಉತ್ತರ ಬಂದಿಲ್ಲ.

ಕಳೆದ ಭಾನುವಾರ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಬಂದಿದ್ದೆ. ನಿಮ್ಮ ಊರಿನ ಮೇಲಿನ ತಿರುವಿನವರೆಗೆ ಬಂದೆ. ಗೇಟು ಕಾಣಿಸಿತು, ನೀವು ಮೇಕೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದಿರಿ. ಒಂದು ಕಾಲು ನೆಲಕ್ಕೂರಿ ತುಂಬ ಹೊತ್ತು ನಿಂತಿದ್ದೆ. ಆಮೇಲೆ ಬಂದ ದಾರಿಯಲ್ಲೇ ಹೋದೆ. ಇದನ್ನು ಹೇಳದೆ ಇರಬಹುದಿತ್ತು.

ಅಪೋಲೀನ್

*

ಲೂಬಿಯೆ
ಅಕ್ಟೋಬರ್ ೧೧

ಅಪೋಲೀನ್,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಏನಾದರೂ ಆಗಲಿ ಎಂದು ಕಾದೆ. ಆಗಬೇಕಾದರೆ ನಾನೇ ಮಾಡಬೇಕು ಎಂದು ತಿಳಿಯಲು ಆಗಸ್ಟ್ ಪೂರ್ತಿ ಬೇಕಾಯಿತು. ಆಗಸ್ಟಿನಲ್ಲಿ ಬೇಸಿಗೆ ಮನೆಯವರೆಲ್ಲ ಬಂದಿದ್ದರು. ಅವರೆಲ್ಲ ಹೋಗಲಿ, ಆಮೇಲೆ ಎಂದುಕೊಂಡೆ. ಕಳ್ಳ ಎಂದದ್ದು ಕೊರೀನಳ ಎದುರಿಗೆ. ಅಲ್ಲ ಎನ್ನುವುದಕ್ಕೆ ಖಾಲಿ ಊರು ಹುಡುಕಿದರೆ ಆಗುತ್ತದೆಯೇ? ಆದರೂ ಹುಡುಕಿದೆ.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಕೊರೀನಳಿಗೆ ಹೇಳಿದೆ, ವ್ಯಾನನ್ನು ಅವನ ಬಾಗಿಲ ಎದುರು ನಿಲ್ಲಿಸಿ ಹಾರನ್ ಒತ್ತು, ಅವನು ಬರುವ ತನಕ ಬಿಡಬೇಡ ಎಂದು. ಅವಳಿಗೆ ಇಂಥದ್ದೆಲ್ಲ ಇಷ್ಟ. ಅವನು ಚಪ್ಪಲಿಯಲ್ಲೇ ಹೊರಗೆ ಬಂದ. ನಾನು ಆ ಒಣಗಿದ ಅರ್ಧವನ್ನು ಕೈಯಲ್ಲಿ ಹಿಡಿದಿದ್ದೆ. ಹೇಳಬೇಕೆಂದು ಕಟ್ಟಿಕೊಂಡ ಮಾತು ಮರೆತುಹೋಯಿತು. "ಕಳ್ಳ ನೀನಲ್ಲ. ನಾನು ತಪ್ಪು ನೋಡಿದೆ. ಊಟದ ದಿನ ನಾನೂ ನಕ್ಕೆ" ಎಂದೆ. ಕೊರೀನ್ ಕೂಡ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅದು ಅವಳಿಗೆ ಸುಲಭವಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸೈಕಲ್ಲಿನವರು ಬ್ರೆಡ್ಡು ತೆಗೆಯುವುದನ್ನು ನಿನ್ನ ಕಿಟಕಿಯಿಂದ ನೋಡುತ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು.

ಅವನು ನೆಲ ನೋಡುತ್ತಾ ಹೇಳಿದ. "ಒಬ್ಬ ಹುಡುಗ ಪುಸ್ತಕ ತೋರಿಸಿದ್ದ. ಅದರಲ್ಲಿ ಬರೆದಿತ್ತು. ನೀವೇ ಇಡ್ತಿದ್ದೀರ ಅಂದ್ಕೊಂಡೆ ಮದಾಂ. ದಾರೀಲಿ ಹೋಗೋರಿಗೆ ಕೊಟ್ಟು ನೀವು ಖಾಲಿ ಇರ್ತೀರ ಅಂತ."

ಅಪೋಲೀನ್, ನೀನು ಬರೆದ ಸುಳ್ಳನ್ನು ಈ ಭೂಮಿಯಲ್ಲಿ ಪೂರ್ತಿ ನಂಬಿದವನು ಅವನೊಬ್ಬನೇ. ನಾನು ಅಂಥವಳು ಎಂದು ನಂಬಿದ. ನಂಬಿ ತನ್ನದರಲ್ಲಿ ಅರ್ಧ ತಂದಿಟ್ಟ. ನಾನು ಬೇಲಿಯ ಹಿಂದೆ ಕೂತು ಅವನನ್ನು ಕಳ್ಳನೆಂದು ಹಿಡಿದೆ.

ಅವನು ಕಪ್ಪು ಬ್ರೆಡ್ಡು ಕೊಂಡ, ದುಡ್ಡು ಕೊಟ್ಟ, "ಒಳ್ಳೇದು ಮದಾಂ" ಎಂದು ಒಳಗೆ ಹೋದ. ಅವತ್ತಿನಿಂದ ವ್ಯಾನಿಗೆ ಬರುತ್ತಾನೆ, ಟೋಪಿ ಎತ್ತುತ್ತಾನೆ. ಮಾತು ಅಷ್ಟೇ. ನೀವು, ಮದಾಂ, ಚಳಿ ಶುರುವಾಯ್ತು ಅಲ್ಲವೇ. ಉಪಮೇಯರ್ ಮುಂದಿನ ವರ್ಷ ಬ್ರೆಡ್ಡು ಕತ್ತರಿಸಿ ಎಂದು ಕೇಳಲು ಬಂದರಂತೆ. ಯಂತ್ರ ಚೆನ್ನಾಗಿದೆ ಎಂದು ಕಳಿಸಿದನಂತೆ.

ಇಷ್ಟನ್ನೇ ಬರೆದು ಮುಗಿಸಲು ನನಗೆ ಮನಸ್ಸಾಗಿರಲಿಲ್ಲ. ಇವತ್ತಿನದು ಹೇಳುತ್ತೇನೆ, ಅದಕ್ಕೇ ಕೂತಿದ್ದೇನೆ.

ಇವತ್ತು ಗುರುವಾರ. ಕೊರೀನ್ ಬಂದು ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ, ಕಿಟಕಿ ತೆರೆದಿತ್ತು. ಕೆಳಗೆ ಸೈಕಲ್ ನಿಂತ ಸದ್ದಾಯಿತು. ಯಾರೋ ಒಬ್ಬ ಚೆಸ್ಟ್‌ನಟ್ ಕಾಯಿಗಳ ನಡುವೆ ಇಳಿದು, ನೇರವಾಗಿ ಗೇಟಿಗೆ ಬಂದು, ಚೀಲಕ್ಕೆ ಕೈ ಹಾಕಿದ. ಚೀಟಿ ಅಂಟಿಸದ ಪ್ರತಿ ಇರಬೇಕು. ನಾನು ಕೂಗುವ ಮೊದಲೇ ಎದುರು ಮನೆಯಿಂದ ಕೂಗು ಕೇಳಿಸಿತು.

"ಏಯ್, ಕೈ ತೆಗಿ. ಅದು ಬೆರ್ತಿಲ್‌ದು."

ಅವನು ಪುಸ್ತಕ ತೆಗೆದು ತೋರಿಸಿ ಏನೋ ಹೇಳಿದ.

"ಪುಸ್ತಕದಲ್ಲಿ ಏನ್ ಬೇಕಾದ್ರೂ ಬರೀತಾರೆ. ಹಸಿವಾಗಿದ್ರೆ ಬಾಯಿ ಬಿಟ್ಟು ಕೇಳು. ಇಲ್ಲಿ ಬಾ."

ಅವನು ರಸ್ತೆ ದಾಟಿ ಹೋದ. ಆನ್ಸೆಲ್ಮ್ ಬಾಗಿಲ ಮೆಟ್ಟಿಲ ಮೇಲೆ ಕೂತು, ಬ್ರೆಡ್ಡನ್ನು ಎದೆಗಾನಿಸಿ, ಮಗುಚಿ, ಗೀರಿ, ಕತ್ತರಿಸಿ ಕೊಟ್ಟ.

ನಾನು ಹೊರಗೆ ಹೋಗಲಿಲ್ಲ. ಅವನು ನನಗೆ ಕೇಳಲಿ ಎಂದು ಹೇಳಿದ್ದಲ್ಲ ಅದು. ಹೋದರೆ ಮತ್ತೆ ಮದಾಂ ಆಗುತ್ತಿದ್ದೆ. ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದೆ. ಹಾಲು ಪೂರ್ತಿ ಉಕ್ಕಿ ಒಲೆಯ ಮೇಲೆ ಹರಿಯಿತು.

ಬೆರ್ತಿಲ್